ಪಿ.ಎಫ್. ಪೆನ್ಷನ್: ದುಡಿದವರೂ ಅವರ ಮನೆಯವರೂ ಪದೇ ಪದೇ ಕೇಳುವ ಪ್ರಶ್ನೆಗಳು

ಗಾರ್ಮೆಂಟ್ಸ್, ಬೀಡಿ ಬ್ರಾಂಚು, ಬಸ್ ಡಿಪೊ, ಖಾಸಗಿ ಶಾಲೆ, ಪೀಣ್ಯದ ವರ್ಕ್‌ಶಾಪು. ಇಲ್ಲೆಲ್ಲ ದುಡಿದವರಿಗೆ ವಯಸ್ಸಾದ ಮೇಲೆ ಬರುವುದು 1995ರ ನೌಕರರ ಪಿಂಚಣಿ ಯೋಜನೆಯ ಹಣ. ಜನ ಅದನ್ನು ಪಿ.ಎಫ್. ಪೆನ್ಷನ್ ಅಂತಲೇ ಕರೆಯುತ್ತಾರೆ. ನಡೆಸುವುದು ಕೇಂದ್ರ ಸರ್ಕಾರದ ನೌಕರರ ಭವಿಷ್ಯ ನಿಧಿ ಸಂಘಟನೆ, ಅಂದರೆ ಇಪಿಎಫ್‌ಒ. ಸರ್ಕಾರಿ ನೌಕರರ ಪಿಂಚಣಿಯ ಲೆಕ್ಕ ಬೇರೆ, ಅದನ್ನು ಇಲ್ಲಿ ಮುಟ್ಟಿಲ್ಲ. ಪತ್ರಗಳಲ್ಲಿ, ಮಾತುಕತೆಯಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ನಿಮಗೆ ಬೇಕಾದ್ದನ್ನು ಮಾತ್ರ ಓದಿದರೂ ಸಾಕು.

## ಮೊದಲು ಗೊತ್ತಿರಬೇಕಾದವು

ಪಿ.ಎಫ್. ದುಡ್ಡೇ ಪೆನ್ಷನ್ ಆಗಿ ಬರೋದಾ? ಎರಡೂ ಒಂದೇನಾ?

ಅಲ್ಲ. ನಿಮ್ಮ ಸಂಬಳದಿಂದ ಸಾಮಾನ್ಯವಾಗಿ ಹಿಡಿಯುವ ಶೇ. 12 ಪೂರ್ತಿ ಪಿ.ಎಫ್.ಗೆ ಹೋಗುತ್ತದೆ. ಕಂಪನಿ ಹಾಕುವ ಶೇ. 12ರಲ್ಲಿ ಮಾತ್ರ ಪಾಲಾಗುತ್ತದೆ: ಶೇ. 8.33 ಪೆನ್ಷನ್‌ಗೆ, ಉಳಿದದ್ದು ಪಿ.ಎಫ್.ಗೆ. ಸಂಬಳ ಎಷ್ಟೇ ಜಾಸ್ತಿ ಇರಲಿ, ಪೆನ್ಷನ್ ಪಾಲನ್ನು 15,000 ರೂಪಾಯಿಯವರೆಗೆ ಮಾತ್ರ ಲೆಕ್ಕ ಹಾಕುತ್ತಾರೆ. ಹಾಗಾಗಿ ತಿಂಗಳಿಗೆ 1,250 ರೂಪಾಯಿಗಿಂತ ಜಾಸ್ತಿ ಹೋಗುವುದಿಲ್ಲ. ಕೇಂದ್ರ ಸರ್ಕಾರ ತನ್ನದಾಗಿ ಶೇ. 1.16 ಸೇರಿಸುತ್ತದೆ.

ಪಿ.ಎಫ್.ಗೆ ಬಡ್ಡಿ ಇದೆ. ಪೆನ್ಷನ್ ಪಾಲಿಗೆ ಬಡ್ಡಿ ಇಲ್ಲ. ಅದು ನಿಮ್ಮ ಹೆಸರಿನಲ್ಲಿ ಬೆಳೆಯುವ ಗಂಟಲ್ಲ, ಒಂದು ಸೂತ್ರದ ಪ್ರಕಾರ ಸಿಗುವ ಹಕ್ಕು. ಪಿ.ಎಫ್. ಹಣವನ್ನು ಪೂರ್ತಿ ತೆಗೆದ ಮೇಲೂ ಪೆನ್ಷನ್ ಸೇವೆಯನ್ನು ಹಾಗೇ ಉಳಿಸಿಕೊಳ್ಳಬಹುದು. ಇದು ಗೊತ್ತಿಲ್ಲದೆ ಎರಡನ್ನೂ ಒಟ್ಟಿಗೆ ತೆಗೆದು ಕೈಬಿಟ್ಟವರು ಬಹಳ.

ಎಷ್ಟು ವರ್ಷ ಕೆಲಸ ಮಾಡಿದ್ರೆ ಪೆನ್ಷನ್ ಗ್ಯಾರಂಟಿ?

10 ವರ್ಷ. ಒಂದೇ ಕಂಪನಿಯಲ್ಲಿ ಆಗಬೇಕೆಂದಿಲ್ಲ. ಬೇರೆ ಬೇರೆ ಕಡೆಯ ಸೇವೆ ಒಂದೇ ಯುಎಎನ್ (ಪಿ.ಎಫ್. ಸದಸ್ಯರ ಗುರುತಿನ ನಂಬರ್) ಅಡಿಯಲ್ಲಿ ಸೇರಿದ್ದರೆ ಕೂಡಿಕೊಳ್ಳುತ್ತದೆ. ಆರು ತಿಂಗಳು ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಒಂದು ವರ್ಷ ಅಂತ ಎಣಿಸುತ್ತಾರೆ. ಅಂದರೆ 9 ವರ್ಷ 6 ತಿಂಗಳಾದವರೂ ಬಚಾವ್. ಪೂರ್ತಿ ಪೆನ್ಷನ್ ಸಿಗುವ ವಯಸ್ಸು 58.

18 ವರ್ಷ ದುಡಿದೆ, ಸಂಬಳಾನೂ ಚೆನ್ನಾಗಿತ್ತು. ಆದ್ರೂ ಮೂರು ಸಾವಿರ ದಾಟಲ್ಲ ಅಂತಾರೆ. ಏನಾದ್ರೂ ಮೋಸ ಆಗಿದೆಯಾ?

ಬಹುಶಃ ಇಲ್ಲ. ಲೆಕ್ಕವೇ ಹಾಗಿದೆ. ಕೊನೆಯ 60 ತಿಂಗಳ ಸರಾಸರಿ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುತ್ತಾರೆ. ಇಲ್ಲಿ ಸಂಬಳ ಅಂದರೆ ಬೇಸಿಕ್ ಮತ್ತು ಡಿಎ (ತುಟ್ಟಿಭತ್ಯೆ) ಮಾತ್ರ, ಅದೂ ಮಿತಿಯೊಳಗೆ. ಈ ಮಿತಿ 15,000 ಆದದ್ದು 2014ರ ಸೆಪ್ಟೆಂಬರ್ 1ರಿಂದ. ಅದಕ್ಕೂ ಮುಂಚಿನ ಸೇವೆಗೆ ಹಳೆಯ ಮಿತಿ 6,500 ರೂಪಾಯಿಯನ್ನೇ ಹಿಡಿಯುತ್ತಾರೆ.

ನೀವು 2006ರ ಸೆಪ್ಟೆಂಬರ್‌ನಲ್ಲಿ ಸೇರಿ 2024ರ ಆಗಸ್ಟ್‌ನಲ್ಲಿ ಬಿಟ್ಟಿರಿ ಅಂದುಕೊಳ್ಳಿ. ಮೊದಲ 8 ವರ್ಷಕ್ಕೆ 6,500 × 8 ÷ 70, ಅಂದರೆ ಸುಮಾರು 743. ನಂತರದ 10 ವರ್ಷಕ್ಕೆ 15,000 × 10 ÷ 70, ಅಂದರೆ 2,143. ಒಟ್ಟು 2,886 ರೂಪಾಯಿ. ಕೈಗೆ 40 ಸಾವಿರ ಬರುತ್ತಿದ್ದರೂ ಇಷ್ಟೇ. ಸೇವೆ 20 ವರ್ಷ ತುಂಬಿದ್ದರೆ ಎರಡು ವರ್ಷ ಬೋನಸ್ ಆಗಿ ಸೇರುತ್ತದೆ. 18, 19ನೇ ವರ್ಷದಲ್ಲಿ ಕೆಲಸ ಬಿಡುವ ಯೋಚನೆ ಇದ್ದವರು ಇದನ್ನು ಗಮನಿಸಿ.

ಪಾಸ್‌ಬುಕ್‌ನಲ್ಲಿ ಪೆನ್ಷನ್ ಕಾಲಂ ಸೊನ್ನೆ ತೋರಿಸ್ತಿದೆ. ಕಂಪನಿಯವರು ಹಾಕ್ತಿಲ್ವಾ?

ನೀವು ಮೊದಲ ಸಲ ಪಿ.ಎಫ್.ಗೆ ಸೇರಿದ್ದು 2014ರ ಸೆಪ್ಟೆಂಬರ್ 1 ಅಥವಾ ಆಮೇಲಾ? ಸೇರುವಾಗಲೇ ಬೇಸಿಕ್ ಮತ್ತು ಡಿಎ 15,000 ದಾಟಿತ್ತಾ? ಹಾಗಾದರೆ ನೀವು ಪೆನ್ಷನ್ ಯೋಜನೆಯಲ್ಲೇ ಇಲ್ಲ. ಕಂಪನಿಯ ಪಾಲು ಪೂರ್ತಿ ಪಿ.ಎಫ್.ಗೆ ಹೋಗುತ್ತಿರುತ್ತದೆ, ನಷ್ಟವೇನಿಲ್ಲ. ಹಾಗಲ್ಲದಿದ್ದರೆ ಹೆಚ್‌ಆರ್‌ನವರನ್ನು ಈಗಲೇ ಕೇಳಿ.

## ಕೆಲಸ ಬಿಡುವಾಗ

ಗಾರ್ಮೆಂಟ್ಸ್ ಬಿಟ್ಟೆ. ಏಳು ವರ್ಷ ಸರ್ವೀಸು. ಪೆನ್ಷನ್ ದುಡ್ಡನ್ನೂ ತೆಗೆದುಬಿಡ್ಲಾ?

ತೆಗೆಯಬಹುದು. 10 ವರ್ಷ ಆಗದವರಿಗೆ ಫಾರಂ 10ಸಿ ಹಾಕಿ ಒಂದೇ ಗಂಟಾಗಿ ತೆಗೆಯಲು ಅವಕಾಶ ಇದೆ. ಆದರೆ ಸಿಗುವುದು ಕಟ್ಟಿದ ಹಣಕ್ಕೆ ಬಡ್ಡಿ ಸೇರಿಸಿ ಅಲ್ಲ. ಸೇವೆಯ ಅವಧಿ ನೋಡಿ ಒಂದು ಪಟ್ಟಿಯ ಪ್ರಕಾರ ಕೊಡುತ್ತಾರೆ. ತೆಗೆದರೆ ಆ ಏಳು ವರ್ಷ ಅಳಿಸಿಹೋಗುತ್ತದೆ. ಮುಂದೆ ಬೇರೆ ಫ್ಯಾಕ್ಟರಿ ಸೇರಿದರೆ ಮತ್ತೆ ಒಂದರಿಂದ ಎಣಿಕೆ.

ಇನ್ನೊಂದು ದಾರಿ ಸ್ಕೀಮ್ ಸರ್ಟಿಫಿಕೇಟ್. ಅದಕ್ಕೂ ಅದೇ ಫಾರಂ 10ಸಿ, ಗುರುತು ಹಾಕುವ ಜಾಗ ಮಾತ್ರ ಬೇರೆ. ದುಡ್ಡು ಕೈಗೆ ಬರುವುದಿಲ್ಲ, ಸೇವೆ ಉಳಿಯುತ್ತದೆ. ಮುಂದೆ ಇನ್ನು ಮೂರು ವರ್ಷ ಎಲ್ಲಾದರೂ ಪಿ.ಎಫ್. ಇರುವ ಕೆಲಸ ಮಾಡಿದರೆ ಸಾಯುವವರೆಗೂ ಪೆನ್ಷನ್. ನಿಮಗೆ 45ರ ಒಳಗೆ ವಯಸ್ಸಿದ್ದು ಮತ್ತೆ ಕೆಲಸಕ್ಕೆ ಹೋಗುವ ಸಾಧ್ಯತೆ ಇದ್ದರೆ ಸರ್ಟಿಫಿಕೇಟೇ ಸರಿ ಅಂತ ನನ್ನ ಅಭಿಪ್ರಾಯ. ಪಿ.ಎಫ್. ಪಾಲನ್ನು ಬೇಕಿದ್ದರೆ ತೆಗೆದುಕೊಳ್ಳಿ, ಪೆನ್ಷನ್ ಪಾಲು ಬಿಡಿ.

ಹಾಗಂತ ತೆಗೆಯುವವರನ್ನು ಬೈಯುವುದು ಸುಲಭ, ಸರಿಯಲ್ಲ. ಮಗಳ ಮದುವೆ, ಊರಿನ ಸಾಲ, ಮನೆಯ ಅಡ್ವಾನ್ಸು ಎಲ್ಲ ಇದರಲ್ಲೇ ತೀರುವ ಮನೆಗಳಿವೆ. ಕಂಪನಿಯ ಪಾಲಿನ ಪಿ.ಎಫ್. 58ರವರೆಗೆ ಸಿಗುವುದಿಲ್ಲ ಎಂಬ ನಿಯಮ ಬಂದಾಗ, 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ಹೊಸೂರು ರಸ್ತೆಗೆ, ತುಮಕೂರು ರಸ್ತೆಗೆ ಇಳಿದರು. ಕೇಂದ್ರ ಆ ಆದೇಶವನ್ನು ವಾಪಸ್ ತೆಗೆದುಕೊಂಡಿತು. ಆ ದುಡ್ಡಿನ ಬೆಲೆ ಅವರಿಗೆ ಗೊತ್ತಿತ್ತು.

10 ವರ್ಷ ಆದವರಿಗೆ ಈ ಆಯ್ಕೆಯೇ ಇಲ್ಲ. ಅವರಿಗೆ ಪೆನ್ಷನ್ ಅಥವಾ ಸರ್ಟಿಫಿಕೇಟ್ ಮಾತ್ರ.

50ಕ್ಕೇ ಪೆನ್ಷನ್ ಶುರು ಮಾಡಬಹುದಂತೆ. ಮಾಡ್ಲಾ, 58ರವರೆಗೆ ಕಾಯ್ಲಾ?

10 ವರ್ಷ ಸೇವೆ ಆಗಿ ಕೆಲಸ ಬಿಟ್ಟಿದ್ದರೆ 50ರ ನಂತರ ಯಾವಾಗ ಬೇಕಾದರೂ ಶುರು ಮಾಡಬಹುದು. 58ಕ್ಕೆ ಎಷ್ಟು ವರ್ಷ ಕಡಿಮೆಯೋ ಅಷ್ಟು ವರ್ಷಕ್ಕೆ, ವರ್ಷಕ್ಕೆ ಶೇ. 4ರಂತೆ ಕಡಿತ. ಈ ಕಡಿತ ಕೊನೆಯವರೆಗೂ ಇರುತ್ತದೆ.

‘ಬೇಡವೇ ಬೇಡ’ ಅಂತ ಎಲ್ಲರೂ ಹೇಳುತ್ತಾರೆ. ನಾನು ಅಷ್ಟು ಖಡಾಖಂಡಿತವಾಗಿ ಹೇಳಲಾರೆ. 58ಕ್ಕೆ 3,000 ಸಿಗುವವರು 55ಕ್ಕೇ ಶುರು ಮಾಡಿದರೆ ಸುಮಾರು 2,640 ಬರುತ್ತದೆ. ಆ ಮೂರು ವರ್ಷದಲ್ಲಿ ಕೈಗೆ ಬಂದ 95 ಸಾವಿರವನ್ನು, ಆಮೇಲೆ ತಿಂಗಳಿಗೆ 360ರಂತೆ ಕಳೆದುಕೊಳ್ಳುತ್ತಾ ಹೋದರೆ ಸರಿಸಮ ಆಗುವ ಹೊತ್ತಿಗೆ 80 ತುಂಬಿರುತ್ತದೆ. ಕೆಲಸವೂ ಇಲ್ಲ, ಬೇರೆ ಆದಾಯವೂ ಇಲ್ಲ ಅಂದರೆ 55ಕ್ಕೆ ತೆಗೆದುಕೊಳ್ಳುವುದು ತಪ್ಪಲ್ಲ. ಒಂದು ಮಾತ್ರ ನೆನಪಿರಲಿ: ನಿಮ್ಮ ನಂತರ ಹೆಂಡತಿಗೋ ಗಂಡನಿಗೋ ಬರುವುದು ಈ ಕಡಿಮೆಯಾದ ಮೊತ್ತದ ಅರ್ಧ.

60ರವರೆಗೆ ಮುಂದೂಡಿದರೆ ವರ್ಷಕ್ಕೆ ಶೇ. 4 ಜಾಸ್ತಿ. ಇದೇ ಲೆಕ್ಕ ಹಾಕಿ ನೋಡಿ, ಬಿಟ್ಟ 72 ಸಾವಿರ ವಾಪಸ್ ಬರಲು 25 ವರ್ಷ ಬೇಕು. ಹೆಚ್ಚಿನವರಿಗೆ ಲಾಭವಿಲ್ಲ.

ದುಬೈಗೆ ಹೋಗ್ತಿದ್ದೀನಿ, ವಾಪಸ್ ಬರೋದು ಯಾವಾಗಲೋ. ಇಲ್ಲಿನ ಪೆನ್ಷನ್ ಸೇವೆ ಏನಾಗುತ್ತೆ?

ಮಂಗಳೂರು, ಉಡುಪಿ ಕಡೆಯಿಂದ ಈ ಪ್ರಶ್ನೆ ಜಾಸ್ತಿ. ಇಲ್ಲಿ 10 ವರ್ಷ ಆಗಿದ್ದರೆ ಸ್ಕೀಮ್ ಸರ್ಟಿಫಿಕೇಟ್ ಮಾಡಿಸಿ ಮನೆಯಲ್ಲಿಟ್ಟು ಹೋಗಿ, ಎಲ್ಲಿದೆ ಅಂತ ಮನೆಯವರಿಗೂ ಹೇಳಿ. 58ರ ಒಳಗೆ ನಿಮಗೇನಾದರೂ ಆದರೆ ಅದರ ಮೇಲೆ ಕುಟುಂಬಕ್ಕೆ ಪೆನ್ಷನ್ ಸಿಗುತ್ತದೆ.

## ಅರ್ಜಿ ಹಾಕುವಾಗ

58 ತುಂಬಿತು. ಎಲ್ಲಿ ಹೋಗಿ ಏನು ಕೊಡ್ಬೇಕು?

ಫಾರಂ 10ಡಿ. ಯುಎಎನ್‌ಗೆ ಆಧಾರ್ ಜೋಡಣೆಯಾಗಿ, ಮೊಬೈಲ್‌ಗೆ ಒಟಿಪಿ ಬರುತ್ತಿದ್ದರೆ ಆನ್‌ಲೈನ್‌ನಲ್ಲೇ ಹಾಕಬಹುದು. ಇಲ್ಲವಾದರೆ ಕಾಗದದ ಅರ್ಜಿಯನ್ನು ಕಂಪನಿಯ ಮೂಲಕ ಪಿ.ಎಫ್. ಕಚೇರಿಗೆ ಕೊಡಬೇಕು. ಗಂಡ ಹೆಂಡತಿಯ ಜಂಟಿ ಫೋಟೊ, ಬ್ಯಾಂಕ್ ಪಾಸ್‌ಬುಕ್ ಅಥವಾ ಕ್ಯಾನ್ಸಲ್ ಮಾಡಿದ ಚೆಕ್, ಆಧಾರ್, ಮಕ್ಕಳು 25ರ ಒಳಗಿದ್ದರೆ ಅವರ ಜನ್ಮ ದಾಖಲೆ ಜೊತೆಗಿರಲಿ. 10ಡಿಯಲ್ಲಿ ಕುಟುಂಬದ ವಿವರ ತುಂಬುವ ಜಾಗವನ್ನು ಅವಸರದಲ್ಲಿ ಬಿಡಬೇಡಿ. ನಾಳೆ ಹೆಂಡತಿಗೆ ಪೆನ್ಷನ್ ಬರುವುದು ಆ ಸಾಲುಗಳಿಂದಲೇ.

ಕೆಲಸ ಬಿಟ್ಟ ದಿನಾಂಕ ದಾಖಲಾಗಿದೆಯೇ ಅಂತ ಮುಂಚೆಯೇ ನೋಡಿ. ಕಂಪನಿ ಹಾಕದಿದ್ದರೆ, ಬಿಟ್ಟು ಎರಡು ತಿಂಗಳ ನಂತರ ಪೋರ್ಟಲ್‌ನಲ್ಲಿ ನೀವೇ ಹಾಕಬಹುದು. 58ರ ನಂತರವೂ ಕೆಲಸದಲ್ಲಿ ಮುಂದುವರಿಯುವವರು ಕೂಡ ಪೆನ್ಷನ್ ಪಡೆಯಬಹುದು, ಕೆಲಸ ಬಿಡಬೇಕೆಂದಿಲ್ಲ.

ಸಾರಿಗೆ ನಿಗಮದಂತೆ ಸ್ವಂತ ಪಿ.ಎಫ್. ಟ್ರಸ್ಟ್ ಇರುವ ಕಡೆ ಪಿ.ಎಫ್. ಗಂಟು ಟ್ರಸ್ಟ್‌ನಿಂದ, ಪೆನ್ಷನ್ ಇಪಿಎಫ್‌ಒದಿಂದ.

ಆಧಾರ್‌ನಲ್ಲಿ ಲಕ್ಷ್ಮಮ್ಮ, ಪಿ.ಎಫ್.ನಲ್ಲಿ ಲಕ್ಷ್ಮೀ. ಹುಟ್ಟಿದ ತಾರೀಖೂ ಬೇರೆ. ಅರ್ಜಿ ವಾಪಸ್ ಬಂತು. ಈಗೇನು ಮಾಡೋದು?

ವಾಪಸಾಗುವ ಅರ್ಜಿಗಳಲ್ಲಿ ಇದು ಮಾಮೂಲಿ ಕಾರಣ. ಬೀಡಿ ಕಟ್ಟುವವರಲ್ಲಂತೂ ಕೇಳುವುದೇ ಬೇಡ. ಬ್ರಾಂಚಿನಲ್ಲಿ ಕರೆಯುವ ಹೆಸರು ಬರೆದುಕೊಂಡಿರುತ್ತಾರೆ, ಹುಟ್ಟಿದ ವರ್ಷ ಅಂದಾಜು. ಸರಿಪಡಿಸಲು ಇರುವುದು ಜಂಟಿ ಘೋಷಣೆ, ಅಂದರೆ ಜಾಯಿಂಟ್ ಡಿಕ್ಲರೇಶನ್. ಯುಎಎನ್ 2017ರ ಅಕ್ಟೋಬರ್ 1ರ ನಂತರ ಆಧಾರ್ ಮೂಲಕ ಬಂದದ್ದಾಗಿದ್ದರೆ ಹೆಸರು, ಹುಟ್ಟಿದ ದಿನಾಂಕವನ್ನು ಕಂಪನಿಯ ಒಪ್ಪಿಗೆ ಇಲ್ಲದೆ ನೀವೇ ತಿದ್ದಬಹುದು. 2025ರ ಜನವರಿಯಿಂದ ಈ ಅನುಕೂಲ ಬಂದಿದೆ. ಹಳಬರಿಗೆ ಕಂಪನಿಯ ಒಪ್ಪಿಗೆ ಬೇಕು, ಜೊತೆಗೆ ಶಾಲೆಯ ಟಿ.ಸಿ., ಜನನ ಪ್ರಮಾಣ ಪತ್ರದಂಥ ದಾಖಲೆ.

ಇದನ್ನು 58 ತುಂಬಿದ ಮೇಲೆ ಶುರು ಮಾಡಬೇಡಿ. ಕೆಲಸದಲ್ಲಿರುವಾಗಲೇ, ಹೆಚ್‌ಆರ್‌ನವರು ನಿಮ್ಮ ಮುಖ ಗುರುತಿಸುವ ಕಾಲದಲ್ಲೇ ಮುಗಿಸಿಕೊಳ್ಳಿ.

ಕಂಪನಿಗೆ ಬೀಗ ಹಾಕಿ ವರ್ಷಗಳಾಯ್ತು. ಯಾರ ಹತ್ರ ಸೈನ್ ಹಾಕಿಸಲಿ?

ಆನ್‌ಲೈನ್‌ನಲ್ಲಿ ಹಾಕಲು ಆಗುವುದಾದರೆ ಕಂಪನಿಯ ಸಹಿ ಬೇಕಿಲ್ಲ. ಕಾಗದದ ಅರ್ಜಿಗೆ ಗೆಜೆಟೆಡ್ ಅಧಿಕಾರಿ, ಮ್ಯಾಜಿಸ್ಟ್ರೇಟ್ ಅಥವಾ ನಿಮ್ಮ ಖಾತೆ ಇರುವ ಬ್ಯಾಂಕಿನ ಮ್ಯಾನೇಜರ್ ದೃಢೀಕರಿಸಬಹುದು. ಹಳೆಯ ಸಂಬಳ ಚೀಟಿ, ಪಿ.ಎಫ್. ನಂಬರ್ ಇರುವ ಯಾವುದೇ ಕಾಗದ ಸಿಕ್ಕರೆ ಎಸೆಯಬೇಡಿ.

ಪೆನ್ಷನ್ ಹುಬ್ಬಳ್ಳಿಯಲ್ಲಿ ಶುರುವಾಯ್ತು. ಈಗ ಮಗನ ಜೊತೆ ಮೈಸೂರಲ್ಲಿದ್ದೀನಿ. ಟ್ರಾನ್ಸ್‌ಫರ್ ಮಾಡಿಸಬೇಕಾ?

ಬೇಡ. 2025ರ ಜನವರಿಯಿಂದ ಕೇಂದ್ರೀಕೃತ ಪಾವತಿ ಬಂದಿದೆ. ದೇಶದ ಯಾವ ಬ್ಯಾಂಕಿನ ಯಾವ ಶಾಖೆಯಿಂದಲೂ ಪೆನ್ಷನ್ ಪಡೆಯಬಹುದು. ಪಿಪಿಒವನ್ನು, ಅಂದರೆ ಪೆನ್ಷನ್ ಮಂಜೂರಾದ ಆದೇಶ ಪತ್ರವನ್ನು, ಒಂದು ಕಚೇರಿಯಿಂದ ಇನ್ನೊಂದಕ್ಕೆ ಕಳಿಸುವ ಕಾಲ ಮುಗಿಯಿತು.

ಅಜ್ಜಿಯ ಹೆಬ್ಬೆಟ್ಟು ಮಷೀನ್‌ನಲ್ಲಿ ಬರ್ತಿಲ್ಲ. ಜೀವಂತ ಇದ್ದಾರೆ ಅಂತ ತೋರಿಸೋದು ಹೇಗೆ?

ಬೀಡಿ ಎಲೆ, ಸಿಮೆಂಟು, ಹೊಲದ ಕೆಲಸ ಮಾಡಿದ ಕೈಗಳಲ್ಲಿ ಗೆರೆ ಸವೆದಿರುತ್ತದೆ. ಮುಖ ತೋರಿಸಿ ಜೀವಿತ ಪ್ರಮಾಣ ಪತ್ರ ಮಾಡುವ ಸೌಲಭ್ಯ ಇದೆ. ಜೀವನ್ ಪ್ರಮಾಣ್ ಆ್ಯಪ್, ಆಧಾರ್ ಫೇಸ್‌ಆರ್‌ಡಿ ಆ್ಯಪ್ ಎರಡನ್ನೂ ಮೊಮ್ಮಕ್ಕಳ ಫೋನಿಗೆ ಹಾಕಿ, ಬೆಳಕು ಚೆನ್ನಾಗಿರುವಲ್ಲಿ ಅಜ್ಜಿಯನ್ನು ಕೂರಿಸಿ. ನವೆಂಬರ್‌ವರೆಗೆ ಕಾಯಬೇಕಿಲ್ಲ. ಪಿ.ಎಫ್. ಪೆನ್ಷನ್‌ದಾರರು ವರ್ಷದ ಯಾವ ತಿಂಗಳಲ್ಲಾದರೂ ಕೊಡಬಹುದು. ಕೊಟ್ಟ ದಿನದಿಂದ ಒಂದು ವರ್ಷ ನಡೆಯುತ್ತದೆ. ತಪ್ಪಿದರೆ ಪೆನ್ಷನ್ ನಿಲ್ಲುತ್ತದೆ, ರದ್ದಾಗುವುದಿಲ್ಲ. ಕೊಟ್ಟ ಮೇಲೆ ಬಾಕಿ ಸಮೇತ ಬರುತ್ತದೆ.

## ಮನೆಯವರನ್ನು ಕಳೆದುಕೊಂಡಾಗ

ಯಜಮಾನ್ರು ಕೆಲಸದಲ್ಲಿದ್ದಾಗಲೇ ಹೋಗಿಬಿಟ್ರು. ಸೇರಿ ಎರಡೇ ವರ್ಷ ಆಗಿತ್ತು. ನಮಗೆ ಏನೂ ಬರಲ್ವಾ?

ಬರುತ್ತದಮ್ಮ. 10 ವರ್ಷದ ನಿಯಮ ಇಲ್ಲಿಗೆ ಅನ್ವಯಿಸುವುದಿಲ್ಲ. ಒಂದೇ ಒಂದು ತಿಂಗಳ ಪೆನ್ಷನ್ ಪಾಲು ಕಟ್ಟಿದ್ದರೂ ಸಾಕು. ಸಾವು ಫ್ಯಾಕ್ಟರಿಯೊಳಗೇ ಆಗಬೇಕೆಂದೂ ಇಲ್ಲ. ಮನೆಯಲ್ಲಿ, ಆಸ್ಪತ್ರೆಯಲ್ಲಿ ಹೋದರೂ ನೌಕರಿಯಲ್ಲಿದ್ದಂತೆಯೇ ಲೆಕ್ಕ.

ನಿಮಗೆ ಸಿಗಬೇಕಾದವು ಮೂರು. ಮೊದಲನೆಯದು ಪಿ.ಎಫ್. ಗಂಟು, ಫಾರಂ 20. ಎರಡನೆಯದು ಇಡಿಎಲ್ಐ ವಿಮೆ, ಫಾರಂ 5ಐಎಫ್. ಇದಕ್ಕೆ ನಿಮ್ಮವರ ಸಂಬಳದಿಂದ ಒಂದು ಪೈಸೆಯೂ ಹೋಗಿರುವುದಿಲ್ಲ, ಕಂಪನಿಯೇ ಕಟ್ಟಿರುತ್ತದೆ. ಅದಕ್ಕೇ ಹೆಚ್ಚಿನ ಮನೆಗಳಿಗೆ ಇದು ಇದೆ ಎಂಬುದೇ ಗೊತ್ತಿಲ್ಲ. ಸಾಯುವ ಮುಂಚಿನ 12 ತಿಂಗಳು ಸತತ ಸೇವೆ ಇದ್ದರೆ ಕನಿಷ್ಠ 2.5 ಲಕ್ಷ, ಗರಿಷ್ಠ 7 ಲಕ್ಷ. ಮೂರನೆಯದು ನಿಮಗೂ ಮಕ್ಕಳಿಗೂ ತಿಂಗಳ ಪೆನ್ಷನ್, ಫಾರಂ 10ಡಿ. ಕೆಲಸದಲ್ಲಿದ್ದಾಗ ತೀರಿಕೊಂಡವರ ಹೆಂಡತಿಗೆ ಸೇವೆಯ ವರ್ಷ ಮಾತ್ರ ನೋಡುವುದಿಲ್ಲ, ಸಂಬಳದ ಪ್ರಕಾರ ಒಂದು ಪಟ್ಟಿ ಇದೆ. ಯಾವುದು ಜಾಸ್ತಿಯೋ ಅದು ಸಿಗುತ್ತದೆ.

ಮರಣ ಪ್ರಮಾಣ ಪತ್ರದ ನಾಲ್ಕೈದು ಪ್ರತಿ ಮೊದಲೇ ತೆಗೆಸಿಕೊಳ್ಳಿ. ಅದರಲ್ಲಿ ಹೆಸರು ಆಧಾರ್‌ನಲ್ಲಿದ್ದಂತೆ ಇದೆಯೇ ಅಂತ ಅಲ್ಲೇ ನೋಡಿ. ಅವರು ಇ-ನಾಮಿನೇಷನ್ ಮಾಡಿದ್ದರೆ ನಾಮಿನಿಯೇ ಆನ್‌ಲೈನ್‌ನಲ್ಲಿ ಕ್ಲೇಮ್ ಹಾಕಬಹುದು. ಮಾಡಿಲ್ಲದಿದ್ದರೆ ನಾಡಕಚೇರಿಯಿಂದ ವಂಶವೃಕ್ಷ ಮಾಡಿಸಿಟ್ಟುಕೊಳ್ಳಿ.

ಅಪ್ಪ ಪೆನ್ಷನ್ ತಗೋತಿದ್ರು, ಹೋದ ತಿಂಗಳು ತೀರಿಕೊಂಡ್ರು. ಅಮ್ಮನಿಗೆ ಅಷ್ಟೇ ಬರುತ್ತಾ?

ಅರ್ಧ ಬರುತ್ತದೆ, 1,000ಕ್ಕಿಂತ ಕಡಿಮೆ ಆಗುವಂತಿಲ್ಲ. ಪಿಪಿಒದಲ್ಲಿ ಅಮ್ಮನ ಹೆಸರಿದ್ದರೆ ಮರಣ ಪ್ರಮಾಣ ಪತ್ರ, ಅಮ್ಮನ ಆಧಾರ್, ಅಮ್ಮನದೇ ಹೆಸರಿನ ಖಾತೆ ವಿವರ ಹಿಡಿದು ಪಿ.ಎಫ್. ಕಚೇರಿಗೆ ಹೋಗಿ. ಅಪ್ಪನ ಖಾತೆಗೆ ಸಾವಿನ ನಂತರವೂ ಪೆನ್ಷನ್ ಬೀಳುತ್ತಿದ್ದರೆ ಎಟಿಎಂನಿಂದ ತೆಗೆಯಬೇಡಿ. ಆ ಹಣವನ್ನು ಕಚೇರಿ ವಾಪಸ್ ಕೇಳುತ್ತದೆ, ಅಲ್ಲಿಯವರೆಗೆ ಅಮ್ಮನ ಫೈಲು ಮುಂದೆ ಹೋಗುವುದು ಕಷ್ಟ.

ಹೆಂಡತಿ ದುಡಿದು ತೀರಿಕೊಂಡರೆ ಗಂಡನಿಗೂ ಇದೇ ನಿಯಮ. ಗಂಡಸರು ಇದನ್ನು ಕೇಳುವುದೇ ಇಲ್ಲ.

ಮಕ್ಕಳಿಗೆ ಬೇರೆ ಪೆನ್ಷನ್ ಇದೆಯಾ, ಅಮ್ಮನದರಲ್ಲೇ ಸೇರಿರುತ್ತಾ?

ಬೇರೆ ಇದೆ. ತಾಯಿಗೆ ಬರುವ ಮೊತ್ತದ ಶೇ. 25 ಒಂದು ಮಗುವಿಗೆ, ಒಂದು ಸಲಕ್ಕೆ ಇಬ್ಬರಿಗೆ, 25 ವರ್ಷದವರೆಗೆ. ತಾಯಿಗೆ 2,000 ಬರುತ್ತಿದ್ದರೆ ಇಬ್ಬರು ಮಕ್ಕಳಿಗೆ ತಲಾ 500. ಮೂರನೆಯ ಮಗು ಇದ್ದರೆ ದೊಡ್ಡವನಿಗೆ 25 ಆದ ಮೇಲೆ ಅದರ ಸರದಿ. ತಂದೆತಾಯಿ ಇಬ್ಬರೂ ಇಲ್ಲದ ಮಕ್ಕಳಿಗೆ ಶೇ. 75. ಶಾಶ್ವತ ಅಂಗವೈಕಲ್ಯ ಇರುವ ಮಗುವಿಗೆ ವಯಸ್ಸಿನ ಮಿತಿಯಿಲ್ಲ, ಜೀವನಪೂರ್ತಿ ಬರುತ್ತದೆ.

ಮದುವೆಗೆ ಮುಂಚೆ ಅವರ ಅಮ್ಮನನ್ನು ನಾಮಿನಿ ಮಾಡಿದ್ರು, ಬದಲಾಯಿಸಲೇ ಇಲ್ಲ. ಈಗ ಅತ್ತೆಗೆ ಹೋಗುತ್ತಾ, ನನಗಾ?

ಮದುವೆಯಾದ ಕೂಡಲೇ ಹಳೆಯ ನಾಮಿನೇಷನ್‌ಗೆ ಬೆಲೆ ಇರುವುದಿಲ್ಲ. ಪೆನ್ಷನ್ ಹೆಂಡತಿ ಮಕ್ಕಳಿಗೇ. ಆದರೆ ದಾಖಲೆಯಲ್ಲಿ ಹಳೆಯ ಹೆಸರೇ ಕೂತಿರುವುದರಿಂದ ಕಾಗದಪತ್ರದ ಓಡಾಟ ಜಾಸ್ತಿ, ಮನೆಯಲ್ಲಿ ಮನಸ್ತಾಪವೂ. ಮದುವೆಯಾದವರು ಆ ವಾರವೇ ಇ-ನಾಮಿನೇಷನ್ ಹೊಸದಾಗಿ ಮಾಡಿ ಅಂತ ನಾನು ಸಿಕ್ಕವರಿಗೆಲ್ಲ ಹೇಳುವುದು ಇದಕ್ಕೇ.

ಮದುವೆಯಾಗದೆ ತೀರಿಕೊಂಡವರ ವಿಷಯ ಬೇರೆ. ಅವರ ಪೆನ್ಷನ್ ನಾಮಿನಿಗೆ, ನಾಮಿನಿ ಇಲ್ಲದಿದ್ದರೆ ಅವಲಂಬಿತ ತಂದೆಗೆ, ಆಮೇಲೆ ತಾಯಿಗೆ.

ನನಗೆ 29. ಮನೆಯವರು ಇನ್ನೊಂದು ಮದುವೆ ಮಾಡ್ತೀವಿ ಅಂತಿದ್ದಾರೆ. ಪೆನ್ಷನ್ ಹೋಗುತ್ತಾ?

ನಿಮ್ಮದು ನಿಲ್ಲುತ್ತದೆ. ಮಕ್ಕಳದು ನಿಲ್ಲುವುದಿಲ್ಲ, ಬದಲಿಗೆ ಶೇ. 25 ಇದ್ದದ್ದು ಅನಾಥ ಮಕ್ಕಳ ದರಕ್ಕೆ, ಅಂದರೆ ಶೇ. 75ಕ್ಕೆ ಏರುತ್ತದೆ. ಈ ಒಂದೆರಡು ಸಾವಿರಕ್ಕಾಗಿ ಮದುವೆ ಬೇಡ ಅನ್ನಬೇಡಿ. ಆದರೆ ಮುಚ್ಚಿಟ್ಟು ಪಡೆಯಬೇಡಿ, ಕಚೇರಿಗೆ ತಿಳಿಸಿ ಮಕ್ಕಳ ಹೆಸರಿಗೆ ಬದಲಾಯಿಸಿಕೊಳ್ಳಿ.

## ಸ್ವಲ್ಪ ಮುಂದಿನವು

ಜಾಸ್ತಿ ಪೆನ್ಷನ್‌ಗೆ ಸುಪ್ರೀಂ ಕೋರ್ಟ್ ಹೇಳಿದೆಯಂತೆ. ಈಗ ಅರ್ಜಿ ಹಾಕಬಹುದಾ?

ತೀರ್ಪು ಬಂದದ್ದು 2022ರ ನವೆಂಬರ್ 4ರಂದು. ಮಿತಿ ಮೀರಿದ ಪೂರ್ತಿ ಸಂಬಳದ ಮೇಲೆ ಪಾಲು ಕಟ್ಟಿ ಹೆಚ್ಚಿನ ಪೆನ್ಷನ್ ಪಡೆಯುವ ಆಯ್ಕೆ ಅದು. ನೌಕರರು ಅರ್ಜಿ ಹಾಕುವ ಗಡುವು 2023ರ ಜುಲೈ 11ಕ್ಕೆ ಮುಗಿದಿದೆ. ಈಗ ‘ಮಾಡಿಸಿಕೊಡ್ತೀನಿ’ ಅಂತ ಬರುವ ಏಜೆಂಟರಿಗೆ ದುಡ್ಡು ಕೊಡಬೇಡಿ.

ಸಾವಿರ ರೂಪಾಯಲ್ಲಿ ಯಾರು ಬದುಕ್ತಾರೆ? ಇದು ಜಾಸ್ತಿ ಆಗಲ್ವಾ?

ಕನಿಷ್ಠ 1,000 ಅಂತ ನಿಗದಿಯಾದದ್ದು 2014ರ ಸೆಪ್ಟೆಂಬರ್‌ನಲ್ಲಿ. ಈ ಪೆನ್ಷನ್‌ಗೆ ಡಿಎ ಇಲ್ಲ. ಹಾಗಾಗಿ ಅಕ್ಕಿ, ಗ್ಯಾಸಿನ ಬೆಲೆ ಏರಿದ ಹಾಗೆ ಇದು ಏರುವುದಿಲ್ಲ. ಕನಿಷ್ಠ 7,500 ಮತ್ತು ಡಿಎ ಕೊಡಿ ಅಂತ ನಿವೃತ್ತರು ವರ್ಷಗಳಿಂದ ಕೇಳುತ್ತಿದ್ದಾರೆ. ಕೇಳುವುದು ನ್ಯಾಯವಾಗಿಯೇ ಇದೆ. ಆದರೆ ಏರಿತು ಅಂತ ವಾಟ್ಸಾಪ್‌ನಲ್ಲಿ ಬಂದ ತಕ್ಷಣ ನಂಬಬೇಡಿ, ಖಾತೆಗೆ ಬಿದ್ದಾಗ ನಂಬಿ.

ಅರ್ಜಿ ಹಾಕಿ ತಿಂಗಳುಗಳಾಯ್ತು, ಹೋದಾಗಲೆಲ್ಲ ‘ಪ್ರೋಸೆಸ್‌ನಲ್ಲಿದೆ’ ಅಂತಾರೆ. ಯಾರನ್ನ ಕೇಳೋದು?

ಎಲ್ಲ ದಾಖಲೆ ಸರಿಯಿದ್ದರೆ 20 ದಿನದಲ್ಲಿ ಇತ್ಯರ್ಥವಾಗಬೇಕು. ಆಗದಿದ್ದರೆ ಇಪಿಎಫ್‌ಐಜಿಎಂಎಸ್ ಎಂಬ ದೂರು ಪೋರ್ಟಲ್‌ನಲ್ಲಿ ಬರೆಯಿರಿ. ಬಾಯಿಮಾತಿನ ವಿಚಾರಣೆಗೆ ದಾಖಲೆ ಇರುವುದಿಲ್ಲ, ಪೋರ್ಟಲ್‌ನ ದೂರಿಗೆ ನಂಬರ್ ಸಿಗುತ್ತದೆ. ಪ್ರತಿ ತಿಂಗಳು 27ರಂದು ಜಿಲ್ಲೆಗಳಲ್ಲಿ ‘ನಿಧಿ ಆಪ್ಕೆ ನಿಕಟ್’ ಶಿಬಿರ ನಡೆಯುತ್ತದೆ. ಪಿ.ಎಫ್. ಕಚೇರಿ ದೂರ ಇರುವ ತಾಲ್ಲೂಕಿನವರಿಗೆ ಅದು ಅನುಕೂಲ. ಹೋಗುವಾಗ ಯುಎಎನ್ ಅಥವಾ ಪಿಪಿಒ ನಂಬರ್, ಅರ್ಜಿಯ ಸ್ವೀಕೃತಿ, ಬ್ಯಾಂಕ್ ಪಾಸ್‌ಬುಕ್ ಒಯ್ಯಿರಿ. ಅರ್ಜಿ ತಿರಸ್ಕಾರವಾಗಿದ್ದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಿ ಪಡೆದು, ಅದರಲ್ಲಿ ಹೇಳಿದ ಅಷ್ಟೂ ತಪ್ಪುಗಳನ್ನು ಒಂದೇ ಸಲಕ್ಕೆ ಸರಿಮಾಡಿ ಮತ್ತೆ ಹಾಕಿ.